ಚಾರ್ಲ್ಸ್ ಎಂದರೆ ಕಾರ್ಲೊ ಆಗಿರಲೇಬೇಕು ಅಂತೇನಿಲ್ಲ

ಅಮೆರಿಕದಲ್ಲಿ ನೆಲೆಸಿದ ಇಟಲಿ ಮೂಲದ ಕುಟುಂಬಗಳಿಗೆ ಅವರ ಅಜ್ಜ, ಮುತ್ತಜ್ಜಂದಿರ ಜನನ ದಾಖಲೆ ಹುಡುಕಿಕೊಡುವುದು ನಮ್ಮ ತಂಡದ ಕೆಲಸ. ಕೂರುವುದು ಬೆಂಗಳೂರಿನಲ್ಲಿ, ದಿನವಿಡೀ ಓದುವುದು ಸಿಸಿಲಿ, ಕಲಾಬ್ರಿಯಾದ ಹಳೇ ರಿಜಿಸ್ಟರ್‌ಗಳನ್ನು. ಇವುಗಳಲ್ಲಿ ಬಹಳಷ್ಟು ಇಟಲಿ ಸರ್ಕಾರದ ಆಂತೆನಾತಿ ಪೋರ್ಟಲ್‌ನಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಹೊಸದಾಗಿ ಸೇರಿದವರು ಮೊದಲು ಕೇಳುವುದು ಒಂದೇ: "ಇಂಗ್ಲಿಷ್ ಹೆಸರಿಗೆ ಇಟಾಲಿಯನ್ ಹೆಸರು ಯಾವುದು ಅನ್ನೋ ಪಟ್ಟಿ ಇದ್ಯಾ ಮೇಡಂ?"

ಇದೆ. ಜಾನ್‌ಗೆ ಜೊವಾನ್ನಿ, ಜೋಸೆಫ್‌ಗೆ ಜುಸೆಪ್ಪೆ, ಲೂಯಿಸ್‌ಗೆ ಲುಯಿಜಿ, ಚಾರ್ಲ್ಸ್‌ಗೆ ಕಾರ್ಲೊ. ಅಷ್ಟರ ಮಟ್ಟಿಗೆ ಅದು ಸರಿ. ಆದರೆ ಅದನ್ನೇ ನಂಬಿ ಕೂತರೆ ಎಷ್ಟೋ ಫೈಲುಗಳು ನಿಂತಲ್ಲೇ ನಿಲ್ಲುತ್ತವೆ. ವಲಸೆ ಹೋದವರು ನಿಘಂಟು ನೋಡಿ ಹೆಸರು ಬದಲಿಸಿಕೊಳ್ಳಲಿಲ್ಲ. ಕೆಲಸದ ಜಾಗದಲ್ಲಿ ನಾಲ್ಕು ಜನರ ಬಾಯಿಗೆ ಬರುವ, ಕಿವಿಗೆ ಹತ್ತಿರವಾದ ಹೆಸರನ್ನು ಇಟ್ಟುಕೊಂಡರು. ಸಾಲ್ವತೋರೆ ಸ್ಯಾಮ್ ಆದ, ವಿಂಚೆನ್ಸೊ ಜೇಮ್ಸ್ ಆದ, ಗಯೆತಾನೊ ಥಾಮಸ್ ಆದ. ಕಾರ್ಮೆಲಾ ಮಿಲ್ಲಿ ಆದಳು, ಕೊಂಚೆತ್ತಾ ಟೀನಾ ಆದಳು.

ಚಾರ್ಲ್ಸ್ ವಿಷಯದಲ್ಲಂತೂ ನಾನು ಜಾಸ್ತಿ ಎಚ್ಚರ ವಹಿಸುತ್ತೇನೆ. ದೇಹದಾರ್ಢ್ಯಕ್ಕೆ ಹೆಸರಾದ ಚಾರ್ಲ್ಸ್ ಅಟ್ಲಾಸ್ ಹುಟ್ಟಿದಾಗ ಆಂಜೆಲೊ ಸಿಚಿಲಿಯಾನೊ. ಕುಖ್ಯಾತ ಮಾಫಿಯಾ ದೊರೆ ಚಾರ್ಲ್ಸ್ 'ಲಕ್ಕಿ' ಲುಚಿಯಾನೊ 1897ರಲ್ಲಿ ಸಿಸಿಲಿಯ ಲೆರ್ಕಾರಾ ಫ್ರಿದ್ದಿಯಲ್ಲಿ ಹುಟ್ಟಿದ್ದು ಸಾಲ್ವತೋರೆ ಲುಕಾನಿಯಾ ಆಗಿ. ಇಬ್ಬರಲ್ಲಿ ಒಬ್ಬರೂ ಕಾರ್ಲೊ ಅಲ್ಲ!

ಹಾಗಾಗಿ ನಾನು ಮೊದಲು ಕೇಳುವುದು ಹೆಸರಲ್ಲ, ಊರು. ಕತಾನಿಯಾದ ಸಂತ ಆಗಾತಾ, ಲೆಚ್ಚೆಯ ಸಂತ ಒರೊಂತ್ಸೊ, ಬಾರಿಯ ಸಂತ ನಿಕೊಲಾ, ನೇಪಲ್ಸ್‌ನ ಸಂತ ಜೆನ್ನಾರೊ. ಊರ ಸಂತರ ಹೆಸರು ಮನೆಮನೆಯಲ್ಲೂ ಇರುತ್ತದೆ.

ಇತ್ತೀಚಿನ ಒಂದು ಫೈಲ್ ನೋಡಿ. ಮುತ್ತಜ್ಜ ಚಾರ್ಲ್ಸ್, ಊರು ಸಿಸಿಲಿಯ ಅಗ್ರಿಜೆಂತೊ ಪ್ರಾಂತ್ಯದ್ದು. ಮನೆಯವರು ಕಾರ್ಲೊ ಅಂತಲೇ ಬರೆದು ಕಳಿಸಿದ್ದರು. ಆ ಊರಿನ ಸೂಚಿಯಲ್ಲಿ ಆ ಮನೆತನದ ಕಾರ್ಲೊ ಒಬ್ಬನೂ ಇರಲಿಲ್ಲ. ಆದರೆ ಆ ಪ್ರಾಂತ್ಯದಲ್ಲಿ ಸಂತ ಕಲೋಜೆರೊ ಎಂದರೆ ಜನರಿಗೆ ಪ್ರಾಣ, ಆ ಹೆಸರಿನವರು ಅಮೆರಿಕದಲ್ಲಿ ಚಾರ್ಲ್ಸ್ ಆಗುವುದು ತೀರಾ ಸಾಮಾನ್ಯ. ಕಲೋಜೆರೊ ಎಂದು ಹುಡುಕಿದಾಗ ಸಿಕ್ಕವರು ಇಬ್ಬರು, ಅದೂ ಒಂದೇ ತಂದೆ ತಾಯಿಗೆ. ಇದು ಅಲ್ಲಿ ಹೊಸದೇನಲ್ಲ. ಮಗು ತೀರಿಕೊಂಡರೆ ಮುಂದಿನ ಮಗುವಿಗೂ ಅದೇ ಹೆಸರಿಡುತ್ತಿದ್ದರು. ಮರಣ ರಿಜಿಸ್ಟರ್ ತೆಗೆದು ನೋಡಿದೆವು. ಮೊದಲನೆಯವನು ಕೂಸಾಗಿದ್ದಾಗಲೇ ಹೋಗಿದ್ದ. ಎರಡನೆಯವನ ಹುಟ್ಟಿದ ದಿನ ಅಮೆರಿಕದ ಪೌರತ್ವದ ಕಾಗದಕ್ಕೆ ಹೊಂದಿತು. ತಂದೆ ಜುಸೆಪ್ಪೆ, ತಾಯಿ ರೊಸಾಲಿಯಾ.

ಇನ್ನೂ ಗಟ್ಟಿ ಮಾಡಿಕೊಳ್ಳಲು ಚಾರ್ಲ್ಸ್‌ನ ಮಕ್ಕಳ ಹೆಸರು ನೋಡಿದೆವು. ದಕ್ಷಿಣ ಇಟಲಿಯಲ್ಲಿ ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು, ಮೊದಲ ಹೆಣ್ಣುಮಗುವಿಗೆ ತಂದೆಯ ತಾಯಿಯ ಹೆಸರು ಇಡುವುದು ರೂಢಿ. ನಮ್ಮಲ್ಲೂ ಮೊಮ್ಮಗನಿಗೆ ಅಜ್ಜನ ಹೆಸರಿಡುತ್ತಾರಲ್ವಾ, ಹಾಗೇ. ಅವನ ದೊಡ್ಡ ಮಗ ಜೋಸೆಫ್, ದೊಡ್ಡ ಮಗಳು ರೋಸ್. ಅಲ್ಲಿಗೆ ಲೆಕ್ಕ ಸರಿಹೋಯಿತು.

ಹೊಸಬರಿಗೆ ಇನ್ನೊಂದೆರಡು ಮಾತು. ಆಂದ್ರೆಯಾ, ನಿಕೊಲಾ ಇಟಲಿಯಲ್ಲಿ ಗಂಡಸರ ಹೆಸರು. ಕೊನೆಯಲ್ಲಿ 'ಆ' ಬಂತು ಎಂದು ಹೆಣ್ಣುಮಕ್ಕಳ ಕಡೆ ಹುಡುಕಬೇಡಿ. ಅಮೆರಿಕಕ್ಕೆ ಬಂದಿಳಿದ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ಎಲ್ಲಿಸ್ ದ್ವೀಪದ ಗುಮಾಸ್ತರೇ ಹೆಸರು ಬದಲಿಸಿದರು ಎಂದು ಮನೆಯವರು ಹೇಳುತ್ತಾರೆ. ಅದು ಹಾಗಲ್ಲ. ಹಡಗಿನ ಪ್ರಯಾಣಿಕರ ಪಟ್ಟಿ ತಯಾರಾಗುತ್ತಿದ್ದದ್ದು ನೇಪಲ್ಸ್, ಪಲೆರ್ಮೊದಂಥ ಬಂದರುಗಳಲ್ಲಿ. ಎಲ್ಲಿಸ್ ದ್ವೀಪದವರು ಅದನ್ನು ಇಟ್ಟುಕೊಂಡು ತಾಳೆ ನೋಡುತ್ತಿದ್ದರು ಅಷ್ಟೆ. ಅದಕ್ಕೇ ಆ ಪಟ್ಟಿಯಲ್ಲಿ ಇಟಾಲಿಯನ್ ಹೆಸರೇ ಹಾಕಿ ಹುಡುಕಿ. ಮದುವೆಯಾದ ಹೆಂಗಸರನ್ನು ತವರಿನ ಮನೆತನದ ಹೆಸರಿನಲ್ಲೂ ನೋಡಿ.

ಕೊನೆಗೆ ಅನುವಾದದ ಹಂತ. ಅಮೆರಿಕದ ಕಾಗದವನ್ನು ಇಟಾಲಿಯನ್‌ಗೆ ತರುವಾಗ ಚಾರ್ಲ್ಸ್ ಅನ್ನು ಕಲೋಜೆರೊ ಮಾಡುವಂತಿಲ್ಲ. ಕಾಗದದಲ್ಲಿ ಏನಿದೆಯೋ ಅದೇ ಇರಬೇಕು. ಇಬ್ಬರೂ ಒಬ್ಬನೇ ಎಂದು ತೋರಿಸಲು ತಂದೆ ತಾಯಿ, ಊರು, ತಾರೀಖು ಇರುವ ಕಾಗದಗಳನ್ನೆಲ್ಲ ಒಟ್ಟಿಗೆ ಜೋಡಿಸಿ ಕೊಡುತ್ತೇವೆ.