ವೈರಸ್ ಹೊರಗೆ ಬಂದರೆ ಏನು ಗತಿ?

ಮಲೆನಾಡಿನ ಒಂದು ವೈರಸ್ ಪರೀಕ್ಷಾ ಲ್ಯಾಬಿನಲ್ಲಿ ಕೆಲಸ ಅಂದ ಕೂಡಲೇ ಕೇಳುತ್ತಾರೆ: "ನಮ್ಮಂಥ ಊರಲ್ಲಿ ಅದೆಲ್ಲ ಯಾಕೆ? ವೈರಸ್ ಹೊರಗೆ ಬಂದ್ರೆ ಏನು ಗತಿ?" ಹೇಳಿ ಹೇಳಿ ಸಾಕಾಗಿದೆ. ಬರೆದೇ ಬಿಡುತ್ತೇನೆ.

ವೈರಸ್ ಹೊರಗೇ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿದ್ದು ಯಾವ ಲ್ಯಾಬಿನಿಂದಲೂ ಅಲ್ಲ. ಈಗಲೂ ತರಗೆಲೆ ತರಲು, ದನ ಹುಡುಕಲು ಕಾಡಿಗೆ ಹೋದವರಿಗೆ ಉಣುಗು ಕಚ್ಚಿ ಜ್ವರ ಬರುತ್ತದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಜನ ಸತ್ತಿದ್ದು ಮರೆತುಹೋಯಿತಾ? ಅವರ ರಕ್ತದ ಪರೀಕ್ಷೆ ಹತ್ತಿರದಲ್ಲೇ ಆಗಬೇಕು. ರಿಪೋರ್ಟ್ ಬೇಗ ಬಂದರೆ ಯಾವ ಊರಿನವರು ಕಾಡಿಗೆ ಹೋಗುವಾಗ ಎಚ್ಚರವಾಗಿರಬೇಕು ಅನ್ನುವುದೂ ಬೇಗ ತಿಳಿಯುತ್ತದೆ.

ಒಂದು ಮದುವೆ ಊಟದಲ್ಲಿ ಪಕ್ಕ ಕೂತಿದ್ದ ಹಿರಿಯರು, "ಇದು ಫಾರಿನ್ನವರ ಕೆಲಸ ಕಣಮ್ಮಾ, ನಮ್ಮವರ ಕೈಲಿ ಆಗುತ್ತಾ?" ಅಂದರು. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಆಗುತ್ತೆ ಮಾವಾ. ದಿನಾ ಮಾಡುತ್ತಿದ್ದೇವೆ.

ಭಯ ತಪ್ಪಲ್ಲ. ಈ ವೈರಸ್ ಹಿಂದೆ ಲ್ಯಾಬ್ ಕೆಲಸಗಾರರಿಗೂ ತಗುಲಿದೆ. ಅದಕ್ಕೇ ರಕ್ತದ ಟ್ಯೂಬನ್ನು ಸೇಫ್ಟಿ ಕ್ಯಾಬಿನೆಟ್ಟಿನೊಳಗೇ ತೆರೆಯುತ್ತೇವೆ. ಫ್ಯಾನಿನ ಗಾಳಿ, ಫಿಲ್ಟರ್ ಸೇರಿ ವೈರಸ್ ಹೊರಗೆ ಬರದಂತೆ ತಡೆಯುವ ಪೆಟ್ಟಿಗೆ ಅದು. ವೈರಸ್ ಸಾಯುವ ದ್ರಾವಣ ಬೆರೆಸಿದ ಮೇಲೇ ಮುಂದಿನ ಕೆಲಸ. ಕಸ ಆಟೋಕ್ಲೇವಿಗೆ, ಅಂದರೆ ಒತ್ತಡದ ಬಿಸಿ ಹಬೆಯಲ್ಲಿ ರೋಗಾಣು ಕೊಲ್ಲುವ ಯಂತ್ರಕ್ಕೆ ಹೋಗುತ್ತದೆ. ಪ್ಯಾಕೆಟ್ಟಿಗೆ ಅಂಟಿಸಿದ ಟೇಪಿನ ಗೆರೆ ಕಪ್ಪಾದರೆ ಬಿಸಿ ತಾಗಿದೆ ಅಂತ ಮಾತ್ರ ಅರ್ಥ, ಒಳಗಿದ್ದದ್ದೆಲ್ಲ ಸತ್ತಿದೆ ಅಂತಲ್ಲ. ಹಾಗಾಗಿ ಆಗಾಗ ಕಸದ ನಟ್ಟನಡುವೆ ಒಂದು ಪುಟ್ಟ ಬಾಟಲಿ ಇಡುತ್ತೇವೆ. ಅದರೊಳಗೆ ಬಿಸಿಗೆ ಸುಲಭವಾಗಿ ಸಾಯದ, ರೋಗ ತರದ ಬ್ಯಾಕ್ಟೀರಿಯಾದ ಬೀಜಗಳಿರುತ್ತವೆ. ಆಮೇಲೆ ಅದನ್ನು ಬೆಚ್ಚಗಿಟ್ಟು ಕಾಯಬೇಕು. ಬಾಟಲಿಯೊಳಗಿನ ದ್ರವದ ನೇರಳೆ ಬಣ್ಣ ಹಳದಿಗೆ ತಿರುಗಿದರೆ ಜೀವ ಉಳಿದಿದೆ ಅಂತ. ಆಗ ಯಂತ್ರ ನಿಲ್ಲಿಸಿ ಕಾರಣ ಹುಡುಕುತ್ತೇವೆ. ಇದಕ್ಕೆ ಶ್ರೀಮಂತ ದೇಶ ಬೇಕಿಲ್ಲ, ಹಟ ಹಿಡಿದು ಮಾಡುವ ಜನ ಬೇಕು.

ನೀವು ನಿಜವಾಗಿ ಕೇಳಬೇಕಾದ್ದು ಬೇರೆ. ಪ್ರಾಜೆಕ್ಟ್ ಮುಗಿದ ಮೇಲೆ ಆ ಪುಟ್ಟ ಬಾಟಲಿಗೆ ದುಡ್ಡು ಕೊಡುವವರು ಯಾರು? ಕ್ಯಾಬಿನೆಟ್ಟಿನ ಗಾಳಿ ಸರಿಯಾಗಿ ಹರಿಯುತ್ತಿದೆಯಾ ಅಂತ ವರ್ಷಕ್ಕೊಮ್ಮೆಯಾದರೂ ನೋಡಬೇಕು, ಫಿಲ್ಟರ್ ಹಾಳಾದರೆ ಬದಲಿಸಬೇಕು. ಮಳೆಗಾಲದಲ್ಲಿ ಕರೆಂಟು ಹೋದರೆ ಫ್ಯಾನ್ ನಿಂತು ಗಾಳಿಯ ತಡೆಯೂ ಹೋಗುತ್ತದೆ. ಆ ಕ್ಷಣಕ್ಕೆ ಬ್ಯಾಟರಿ ಬೇಕು. ಇದೆಲ್ಲ ಕಲಿತ ಹುಡುಗಿ ಕಾಂಟ್ರ್ಯಾಕ್ಟ್ ಮುಗಿದು ಬೆಂಗಳೂರಿಗೆ ಹೋದರೆ, ಅವಳ ಜೊತೆ ಕಲಿತದ್ದೂ ಹೋಗುತ್ತದೆ. ಕಟ್ಟಡಕ್ಕೆ, ಉದ್ಘಾಟನೆಗೆ ಹಣ ಬರುತ್ತದೆ. ರಿಪೇರಿಗೆ, ಸಂಬಳಕ್ಕೆ ಮಾತ್ರ ಪ್ರತಿ ಸಲ ಹೊಸದಾಗಿ ಅರ್ಜಿ ಹಾಕಬೇಕು.

ಮುಂದಿನ ಸಲ ಎಮ್ಮೆಲ್ಲೆ ಸಿಕ್ಕಾಗ ಲ್ಯಾಬ್ ಯಾಕೆ ಅಂತ ಕೇಳಬೇಡಿ. ಅಲ್ಲಿನ ಟೆಕ್ನಿಷಿಯನ್ ಕೆಲಸ ಯಾವಾಗ ಕಾಯಂ ಆಗುತ್ತದೆ ಅಂತ ಕೇಳಿ.