ಷಡ್ಜಕ್ಕೆ ಬಂದು ನಿಂತರೂ ಕಿವಿಗೆ ಚುಚ್ಚಿದ್ದೇಕೆ?

ರಾಯಚೂರಿನ ನಮ್ಮ ಓಣಿಯ ಭಜನಾ ಮಂಡಳಿಯಲ್ಲಿ ಮಾನ್ವಿಯ ಜಗನ್ನಾಥದಾಸರ ಪದಗಳಿಗೆ ಹಾರ್ಮೋನಿಯಂ ನುಡಿಸುತ್ತ ಬೆಳೆದ ನಾನು ಗಿಟಾರ್ ಹಿಡಿದದ್ದು ಇಪ್ಪತ್ತರ ವಯಸ್ಸು ದಾಟಿದ ಮೇಲೆ. ಸ್ವರಗಳನ್ನು ಎಷ್ಟು ದೂರ ಸುತ್ತಾಡಿಸಿದರೂ ಕೊನೆಗೆ ಷಡ್ಜಕ್ಕೆ, ಅಂದರೆ ಆಧಾರ ಸ್ವರವಾದ ಸ ಗೆ, ಕರೆತಂದು ನಿಲ್ಲಿಸಬೇಕೆಂಬುದು ಅಷ್ಟರೊಳಗೆ ನನ್ನ ಕಿವಿಯಲ್ಲಿ ಬೇರೂರಿಬಿಟ್ಟಿತ್ತು. ಒಂದು ಸಂಜೆ ಕೀಬೋರ್ಡ್ ನುಡಿಸುವ ಹಿರಿಯರೊಬ್ಬರು ಎ ಮೈನರ್, ಎಫ್, ಸಿ, ಜಿ ಎಂಬ ನಾಲ್ಕು ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳನ್ನು, ಒಂದರ ಹಿಂದೊಂದು ನುಡಿಸುತ್ತ, ಅದರ ಮೇಲೆ ನನಗೆ ತೋಚಿದ್ದನ್ನು ನುಡಿಸುವಂತೆ ಹೇಳಿದರು. ಬಿಳಿ ಒಂದನ್ನು, ಅಂದರೆ ಸಿ ಸ್ವರವನ್ನು, ಷಡ್ಜವೆಂದು ಹಿಡಿದು ಬಿಲಾವಲ್ ಥಾಟಿನ ಶುದ್ಧ ಸ್ವರಗಳಲ್ಲೇ ನುಡಿಸಿದೆ. ಆದರೂ ಪ್ರತಿ ಸುತ್ತಿನ ಕೊನೆಯಲ್ಲಿ ನಾನು ಷಡ್ಜಕ್ಕೆ ಬಂದು ನಿಂತಾಗಲೆಲ್ಲ ಅದು ಕಿವಿಗೆ ಚುಚ್ಚುತ್ತಿತ್ತು. "ಸ್ವರ ತಪ್ಪಿಲ್ಲ ತಮ್ಮಾ, ನಿಂತ ಜಾಗ ತಪ್ಪಾಗ್ಯದ" ಎಂದರು ಅವರು.

ಆ ಮಾತಿನ ಅರ್ಥ ಬಿಡಿಸಿಕೊಳ್ಳಲು ನಾಲ್ಕೂ ಕಾರ್ಡ್‌ಗಳನ್ನು ನಮ್ಮ ಸ್ವರಗಳಲ್ಲಿ ಬರೆದುಕೊಂಡೆ. ಎ ಮೈನರ್ ಎಂದರೆ ಧ ಸ ಗ, ಎಫ್ ಎಂದರೆ ಮ ಧ ಸ, ಸಿ ಎಂದರೆ ಸ ಗ ಪ, ಜಿ ಎಂದರೆ ಪ ನಿ ರಿ. ಮೊದಲ ಮೂರು ಕಾರ್ಡ್‌ಗಳ ಒಳಗೆ ಷಡ್ಜವಿದೆ, ನಾಲ್ಕನೆಯದರಲ್ಲಿ ಇಲ್ಲ. ಅಲ್ಲಿರುವುದು ಷಡ್ಜಕ್ಕೆ ಅರ್ಧ ಸ್ವರ ಕೆಳಗಿನ ನಿಷಾದ. ಸುತ್ತಿನ ಕೊನೆಗೆ ಬರುವ ಜಿ ಕಾರ್ಡ್‌ನ ಮೇಲೆ ನಾನು ಷಡ್ಜವನ್ನು ಎಳೆದು ಹಿಡಿದಾಗ ಕೀಬೋರ್ಡ್‌ನ ನಿಷಾದಕ್ಕೂ ನನ್ನ ಷಡ್ಜಕ್ಕೂ ತಿಕ್ಕಾಟ ಬೀಳುತ್ತಿತ್ತು. ತಂಬೂರಿಯ ಶ್ರುತಿಯ ಮೇಲೆ ಹಾಡುವಾಗ ಕಾಲಡಿಯ ನೆಲ ಅಲುಗಾಡುವುದಿಲ್ಲ. ಕಾರ್ಡ್‌ಗಳ ಮೇಲೆ ನುಡಿಸುವಾಗ ಆ ನೆಲವೇ ನಾಲ್ಕು ಮಾತ್ರೆಗೊಮ್ಮೆ ಜರುಗುತ್ತದೆ. ರಾಗದಲ್ಲಿ ನ್ಯಾಸ ಸ್ವರ ಎನ್ನುತ್ತೇವಲ್ಲ, ನಿಲ್ಲಲು ಒಪ್ಪುವ ಸ್ವರ, ಇಲ್ಲಿ ಅದು ಕಾರ್ಡ್ ಬದಲಾದಂತೆ ಬದಲಾಗುತ್ತದೆ. ಯಾವ ಸ್ವರಗಳಲ್ಲಿ ಓಡಾಡಬಹುದು ಎಂಬುದನ್ನು ಸ್ಕೇಲ್ ತಿಳಿಸುತ್ತದೆ, ಈ ಗಳಿಗೆಯಲ್ಲಿ ಎಲ್ಲಿ ನಿಲ್ಲಬಹುದು ಎಂಬುದನ್ನು ಕಾರ್ಡ್ ತಿಳಿಸುತ್ತದೆ.

ಗಿಟಾರ್‌ನ ತೆಳುವಾದ ಮೂರು ತಂತಿಗಳ ಮೇಲೆ ಇದನ್ನು ಕಣ್ಣಾರೆ ನೋಡಬಹುದು. ಅತಿ ತೆಳುವಾದದ್ದು ಮೊದಲ ತಂತಿ, ಗಿಟಾರ್‌ನ ಕುತ್ತಿಗೆಯ ಮೇಲೆ ಲೋಹದ ಅಡ್ಡಪಟ್ಟಿಗಳು ಗುರುತಿಸುವ ಮನೆಗಳೇ ಫ್ರೆಟ್. ಮೂರನೆಯ ತಂತಿಯ ಎರಡನೇ ಫ್ರೆಟ್, ಎರಡನೆಯ ತಂತಿಯ ಮೊದಲ ಫ್ರೆಟ್ ಮತ್ತು ಖಾಲಿ ಬಿಟ್ಟ ಮೊದಲ ತಂತಿ ಸೇರಿದರೆ ಎ ಮೈನರ್ ಆಗುತ್ತದೆ. ಮೊದಲ ತಂತಿಯ ಮೊದಲ ಫ್ರೆಟ್ಟನ್ನೂ ಒತ್ತಿದರೆ ಅದೇ ಎಫ್. ಬದಲಾದದ್ದು ಒಂದೇ ಸ್ವರ, ಗಾಂಧಾರ ಹೋಗಿ ಮಧ್ಯಮ ಬಂತು. ಎರಡನೆಯ ತಂತಿಯ ಮೇಲಿನ ಬೆರಳೊಂದನ್ನು ಉಳಿಸಿಕೊಂಡು ಉಳಿದವನ್ನು ಎತ್ತಿದರೆ ಸಿ. ಆ ಬೆರಳನ್ನೂ ಎತ್ತಿ ಮೊದಲ ತಂತಿಯ ಮೂರನೇ ಫ್ರೆಟ್ ಒತ್ತಿದರೆ ಜಿ, ಷಡ್ಜವಿದ್ದ ಜಾಗದಲ್ಲಿ ಖಾಲಿ ತಂತಿಯ ನಿಷಾದ. ಸ್ಕೇಲನ್ನು ಐದು ಚೌಕಟ್ಟುಗಳಾಗಿ ಒಡೆದು ತಿಂಗಳುಗಟ್ಟಲೆ ಬಾಯಿಪಾಠ ಮಾಡಿಸುವ ಕ್ರಮಕ್ಕಿಂತ ಈ ಮೂರು ಫ್ರೆಟ್‌ಗಳೊಳಗಿನ ಅಭ್ಯಾಸವೇ ಮೊದಲು ಬರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ನಾನು ತಾಳದ ಬಡಿತ ಕೊಡುವ ಮೆಟ್ರೋನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟುಕೊಂಡು, ಪ್ರತಿ ಕಾರ್ಡ್‌ಗೆ ನಾಲ್ಕು ಬಡಿತದಂತೆ, ಮೊದಲ ಬಡಿತದ ಮೇಲೆ ಆ ಕಾರ್ಡ್‌ನ ಸ್ವರವೊಂದನ್ನು ಮಾತ್ರ ನುಡಿಸಿ ಸುಮ್ಮನಾಗುತ್ತಿದ್ದೆ. ಕಾರ್ಡ್ ಬದಲಾದಾಗ ಅತಿ ಹತ್ತಿರದ ಸ್ವರಕ್ಕೆ ಹೋಗಬೇಕು, ಹಾರಬಾರದು ಎಂಬುದೊಂದೇ ನಿಯಮ. ಕೆಲವು ವಾರಗಳಾದ ಮೇಲೆ ಉಳಿದ ಬಡಿತಗಳಲ್ಲಿ ಸ್ಕೇಲಿನ ಬೇರೆ ಸ್ವರಗಳನ್ನು ಸೇರಿಸಿದೆ. ಸಿ ಕಾರ್ಡ್‌ನ ಮೇಲೆ ಮಧ್ಯಮವನ್ನು ಹಿಡಿದು ನಿಂತರೆ ಅದು ಕಾರ್ಡ್‌ನ ಗಾಂಧಾರಕ್ಕೆ ಅಡ್ಡ ಬರುತ್ತದೆ. ಅದೇ ಮಧ್ಯಮ ಪಂಚಮದಿಂದ ಗಾಂಧಾರಕ್ಕೆ ಇಳಿಯುವ ದಾರಿಯಲ್ಲಿ ಹಾದುಹೋದರೆ ಇಂಪಾಗಿರುತ್ತದೆ.

ಭೂಪಾಲಿ ರಾಗದ ಐದು ಸ್ವರಗಳು, ಗಿಟಾರಿನವರು ಮೇಜರ್ ಪೆಂಟಟಾನಿಕ್ ಎನ್ನುವುದು, ಹೊಸಬರಿಗೆ ಅಷ್ಟು ಸಲೀಸಾಗಿ ಒದಗುವುದರ ಗುಟ್ಟೂ ಇಲ್ಲೇ ಇದೆ. ಅದರಲ್ಲಿ ಮಧ್ಯಮ, ನಿಷಾದಗಳಿಲ್ಲ, ಆದ್ದರಿಂದ ಅರ್ಧ ಸ್ವರದ ಅಂತರವೇ ಅದರೊಳಗಿಲ್ಲ. ಆದರೆ ಜಿ ಕಾರ್ಡ್‌ಗೆ ಮೇಜರ್ ಎಂಬ ಗುಣವನ್ನು ಕೊಡುವುದು ಆ ನಿಷಾದವೇ ಆದ್ದರಿಂದ, ಬರೀ ಭೂಪಾಲಿಯಲ್ಲೇ ನುಡಿಸುತ್ತ ಹೋದರೆ ಕಾರ್ಡ್ ಬದಲಾದದ್ದು ನಮ್ಮ ರಾಗದಲ್ಲಿ ಕೇಳಿಸುವುದೇ ಇಲ್ಲ.

ಈಚೆಗೆ ಅದೇ ಹಿರಿಯರೊಂದಿಗೆ ಅದೇ ಸುತ್ತನ್ನು ನುಡಿಸಿದೆ. ಜಿ ಬಂದಾಗ ಎರಡನೆಯ ತಂತಿಯಿಂದ ಬೆರಳೆತ್ತಿ ನಿಷಾದವನ್ನು ನಾಲ್ಕೂ ಬಡಿತ ಮೊಳಗಲು ಬಿಟ್ಟು, ಎ ಮೈನರ್ ಬಿದ್ದ ಗಳಿಗೆಗೆ ಸರಿಯಾಗಿ ಮೊದಲ ಫ್ರೆಟ್ ಒತ್ತಿ ಷಡ್ಜಕ್ಕೆ ಏರಿದೆ. ಅವರು ಕೀಬೋರ್ಡ್ ನಿಲ್ಲಿಸದೆಯೇ ತಲೆದೂಗಿ, ಮುಂದಿನ ಸುತ್ತಿನಲ್ಲಿ ಜಿ ಬದಲು ಜಿ ಸೆವೆನ್ ಹಿಡಿದರು, ಅಂದರೆ ಪ ನಿ ರಿ ಜೊತೆಗೆ ಮಧ್ಯಮವೂ ಬಂತು. ಅದು ಗಾಂಧಾರಕ್ಕೆ ಇಳಿಯಲು ಹಾತೊರೆಯುವುದು ಕೇಳಿಸಿತು, ಮೊದಲ ತಂತಿಯ ಮೊದಲ ಫ್ರೆಟ್‌ನಿಂದ ಬೆರಳೆತ್ತಿದೆ.