ಶಾಪ್ ಏರಿನ ಉಗಿಬಂಡಿಗಳು: ಆ ಫೋಟೊಗಳನ್ನು ತೆಗೆಯುತ್ತಿದ್ದ ಬಗೆ

ಇಂಗ್ಲೆಂಡಿನ ಲ್ಯಾಂಕಷೈರ್ ಕಡೆ ಬಂದು ನೆಲೆಸುವ ಕನ್ನಡಿಗರ ಕಣ್ಣಿಗೆ ಇಲ್ಲಿನ ಹಳೆ ಪಬ್ಬುಗಳ, ಸ್ಟೇಷನ್ ಚಹಾದಂಗಡಿಗಳ ಗೋಡೆಯಲ್ಲಿ ಒಂದು ಬಗೆಯ ಫೋಟೊ ಮತ್ತೆ ಮತ್ತೆ ಬೀಳುತ್ತದೆ. ಬೋಳು ಗುಡ್ಡ, ಮಸಿ ಹಿಡಿದ ಎಂಜಿನ್, ಅದರ ನೆತ್ತಿಯಿಂದ ನೆಟ್ಟಗೆ ಎದ್ದ ಬಿಳಿ ಉಗಿ. ಹೆಚ್ಚಿನವು 1960ರ ದಶಕದವು. 11 ಆಗಸ್ಟ್ 1968ರಂದು ಲಿವರ್‌ಪೂಲ್‌ನಿಂದ ಕಾರ್ಲೈಲ್‌ವರೆಗೆ ಹೋಗಿಬಂದ ವಿಶೇಷ ರೈಲಿನೊಂದಿಗೆ ಬ್ರಿಟಿಷ್ ರೈಲ್ವೆಯ ಮುಖ್ಯ ಮಾರ್ಗಗಳಲ್ಲಿ ಉಗಿಯ ಕಾಲ ಮುಗಿಯಿತು. ಅಂದಿನ ಫೋಟೊಗ್ರಾಫರುಗಳ ಅರ್ಧಕ್ಕಿಂತ ಹೆಚ್ಚು ಕೆಲಸ ಶಟರ್ ಒತ್ತುವ ಮೊದಲೇ, ನಿಲ್ಲುವ ಜಾಗ ಆರಿಸುವಾಗಲೇ ಆಗಿಬಿಡುತ್ತಿತ್ತು. ಅದನ್ನು ತಿಳಿದು ನೋಡಿದರೆ ಆ ಚಿತ್ರಗಳು ಬೇರೆಯಾಗಿಯೇ ಕಾಣುತ್ತವೆ.

ಲ್ಯಾಂಕಷೈರ್‌ನ ಉತ್ತರಕ್ಕೆ, ಕಾರ್ಲೈಲ್ ಕಡೆಗೆ ಹೋಗುವ ಮಾರ್ಗದಲ್ಲಿ, ಟೆಬೆ ಎಂಬ ಊರಿನಿಂದ ಶಾಪ್ ಶಿಖರದವರೆಗಿನ ಏರನ್ನೇ ತೆಗೆದುಕೊಳ್ಳಿ. ನಾಲ್ಕು ಮೈಲಿ ಉದ್ದಕ್ಕೂ 75 ಅಡಿಗೆ ಒಂದು ಅಡಿ ಏರು, ತುದಿಯಲ್ಲಿ ಸಮುದ್ರಮಟ್ಟದಿಂದ 916 ಅಡಿ. ಭಾರದ ರೈಲುಗಳಿಗೆ ಟೆಬೆಯಲ್ಲಿ ಹಿಂದಿನಿಂದ ನೂಕಲು ಇನ್ನೊಂದು ಎಂಜಿನ್ ಕೊಡುತ್ತಿದ್ದರು. ಕ್ಯಾಸಲ್ ರಾಕ್ ಘಟ್ಟದಲ್ಲಿ ಹೀಗೆ ನೂಕುವ ‘ಬ್ಯಾಂಕರ್’ ಎಂಜಿನ್ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಏರಿನಲ್ಲಿ ಎಂಜಿನ್ ಪೂರ್ತಿ ದುಡಿಯುತ್ತದೆ, ಚಿಮಣಿಯಿಂದ ಉಗಿ ರಭಸವಾಗಿ ಚಿಮ್ಮುತ್ತದೆ; ಮೇಲಾಗಿ ವೇಗವೂ ಕಡಿಮೆ. ಇಳಿಜಾರಿನಲ್ಲಿ ಬರುವ ರೈಲಿನ ಫೋಟೊ ಸಪ್ಪೆಯಾಗುವುದಕ್ಕೆ ಕಾರಣವೂ ಇದೇ: ಡ್ರೈವರ್ ಉಗಿ ಬಿಡುವ ರೆಗ್ಯುಲೇಟರ್ ಮುಚ್ಚಿರುತ್ತಾನೆ, ಚಿಮಣಿಯಲ್ಲಿ ಏನೂ ಇರುವುದಿಲ್ಲ.

ಇನ್ನು ಗಾಳಿ. ಇಲ್ಲಿ ಹೆಚ್ಚಾಗಿ ಬೀಸುವುದು ನೈಋತ್ಯದಿಂದ. ರೈಲು ಹತ್ತುವುದು ಹೆಚ್ಚುಕಡಿಮೆ ಉತ್ತರಕ್ಕೆ. ಹಾಗಾಗಿ ಹಳಿಯ ಪಶ್ಚಿಮಕ್ಕೆ ನಿಂತವನಿಗೆ ಹೊಗೆ ಆಚೆ ಬದಿಗೆ ಸರಿಯುತ್ತದೆ. ಗಾಳಿಯ ವೇಗ ರೈಲಿನ ವೇಗಕ್ಕೆ ಸಮನಾದ ದಿನ ಉಗಿ ಕಂಬದಂತೆ ನಿಲ್ಲುತ್ತದೆ. ಗಾಳಿ ಪೂರ್ವಕ್ಕೆ ತಿರುಗಿತೋ, ಕೊನೆ ಗಳಿಗೆಯಲ್ಲಿ ಹೊಗೆಯೆಲ್ಲ ಕ್ಯಾಮೆರಾ ಕಡೆಗೇ ಮಗುಚಿಕೊಂಡು ಇಡೀ ರೈಲು ಮಾಯ.

ಬಿಸಿಲಿನದು ಇನ್ನೂ ಕಠಿಣ ಲೆಕ್ಕ. ಉತ್ತರಕ್ಕೆ ಹೋಗುವ ಎಂಜಿನ್ನಿನ ಮುಖಕ್ಕೆ ಮಧ್ಯಾಹ್ನದ ಬಿಸಿಲು ಬೀಳುವುದೇ ಇಲ್ಲ, ಬದಿ ಮಾತ್ರ ಬೆಳಗುತ್ತದೆ. ಮುಖಕ್ಕೂ ಬೆಳಕು ಬೇಕೆಂದರೆ ಜೂನ್ ತಿಂಗಳ ಇಳಿಸಂಜೆ, ಸೂರ್ಯ ವಾಯವ್ಯಕ್ಕೆ ಸರಿಯುವವರೆಗೆ ಕಾಯಬೇಕು. ಆದರೆ ಬೆಚ್ಚನೆಯ ಗಾಳಿಯಲ್ಲಿ ಉಗಿ ಬಿಳಿಯಾಗಿ ಗಟ್ಟಿಗಟ್ಟುವ ಮೊದಲೇ ಕರಗಿಹೋಗುತ್ತದೆ. ಚಳಿಗಾಲದಲ್ಲಿ ಉಗಿ ಧಾರಾಳ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ನಡುಮಧ್ಯಾಹ್ನವೂ ದಿಗಂತದಿಂದ ಹನ್ನೆರಡು ಹದಿಮೂರು ಡಿಗ್ರಿಗಿಂತ ಮೇಲೇರುವುದಿಲ್ಲವಾದ್ದರಿಂದ ಗಾಲಿಗಳ ಸಂದಿಗೂ ಬೆಳಕು ನುಗ್ಗುತ್ತದೆ, ಮುಖ ಮಾತ್ರ ಕತ್ತಲು. ಅದಕ್ಕೇ ಚಳಿಗಾಲದ ಒಳ್ಳೆಯ ಚಿತ್ರಗಳಲ್ಲಿ ಬಹಳಷ್ಟು ಎಂಜಿನ್ನಿನ ಬದಿಯಿಂದ ತೆಗೆದವು, ಇಲ್ಲವೇ ಬೆಳಕಿಗೆ ಎದುರಾಗಿ ಉಗಿಯ ಅಂಚು ಹೊಳೆಯುವಂತೆ ತೆಗೆದವು.

ಫಿಲ್ಮಿನ ಕಷ್ಟ ಇಂದಿನವರಿಗೆ ಊಹಿಸುವುದೂ ಕಷ್ಟ. 1961ರಲ್ಲಿ ಬಂದ ಬಣ್ಣದ ಫಿಲ್ಮ್ ಕೊಡಾಕ್ರೋಮ್ 2ರ ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಅಳತೆ, ಬರೀ 25 ಎಎಸ್‌ಎ. ಇಲ್ಲಿನ ಒಳ್ಳೆಯ ಬಿಸಿಲಿನಲ್ಲೂ 1/250 ಸೆಕೆಂಡಿಗೆ ಲೆನ್ಸನ್ನು ಎಫ್/4ರಷ್ಟು ಅಗಲಕ್ಕೆ ತೆರೆಯಬೇಕು. ಮೋಡ ಬಂತೆಂದರೆ ಬಣ್ಣದ ಆಸೆ ಬಿಡಬೇಕು. ಕಪ್ಪುಬಿಳುಪಿನ ಇಲ್‌ಫರ್ಡ್ ಎಫ್‌ಪಿ3 125 ಎಎಸ್‌ಎ ಇದ್ದುದರಿಂದ ತೆಳು ಮೋಡದಲ್ಲೂ ಎಫ್/5.6ಕ್ಕೆ ಕೆಲಸ ನಡೆಯುತ್ತಿತ್ತು.

ಈ ನಿಧಾನದ ಫಿಲ್ಮಿನಲ್ಲಿ ಓಡುವ ರೈಲು ಕದಡದಂತೆ ಹೇಗೆ ಬಂತು? ಗಂಟೆಗೆ 30 ಮೈಲಿ ವೇಗದ ರೈಲು 1/250 ಸೆಕೆಂಡಿನಲ್ಲಿ ಐದು ಸೆಂಟಿಮೀಟರಿಗಿಂತ ತುಸು ಹೆಚ್ಚು ಮುಂದೆ ಹೋಗುತ್ತದೆ. 30 ಮೀಟರ್ ದೂರದಿಂದ, 50 ಎಂಎಂ ಲೆನ್ಸಿನಲ್ಲಿ, ನೇರ ಅಡ್ಡದಿಂದ ತೆಗೆದರೆ ಅದು ಫಿಲ್ಮಿನ ಮೇಲೆ ಸುಮಾರು 0.09 ಮಿಲಿಮೀಟರ್, ದೊಡ್ಡದು ಮಾಡಿಸಿದಾಗ ಎದ್ದು ಕಾಣುವ ಕದಡು. ಹಳಿಗೆ 20 ಡಿಗ್ರಿ ಕೋನದಲ್ಲಿ, ಎದುರು ಓರೆಯಾಗಿ ನಿಂತರೆ ಅದೇ 0.03ಕ್ಕೆ ಇಳಿಯುತ್ತದೆ, ಕಣ್ಣಿಗೆ ಚೂಪಾಗಿಯೇ ಕಾಣುತ್ತದೆ. ಎಲ್ಲರೂ ಆ ಓರೆ ಕೋನಕ್ಕೇ ಅಂಟಿಕೊಂಡದ್ದನ್ನು ಬರೀ ರೂಢಿ ಎನ್ನಲಾಗದು.

ಲೈಟ್‌ಮೀಟರನ್ನು ರೈಲಿನ ಕಡೆಗೆ ಹಿಡಿದರೆ ಬಿಳಿ ಉಗಿ, ಆಕಾಶ ಎರಡೂ ಅದನ್ನು ದಾರಿ ತಪ್ಪಿಸುತ್ತವೆ. ಎಂಜಿನ್ ಕಪ್ಪು ಮುದ್ದೆಯಾಗಿ ಬರುತ್ತದೆ. ಬಿಸಿಲು ಬಿದ್ದ ಹುಲ್ಲಿನಿಂದ ಅಳತೆ ತೆಗೆದು, ರೈಲು ಬರುವ ಮೊದಲೇ ಎಲ್ಲ ಹೊಂದಿಸಿಟ್ಟುಕೊಳ್ಳಬೇಕು. ಬೇಲಿಯ ಒಂದು ಗೂಟವನ್ನು ಗುರುತಿಟ್ಟುಕೊಂಡು, ಎಂಜಿನ್ನಿನ ಮುಂತುದಿಯ ಬಫರ್ ಅಲ್ಲಿಗೆ ಬರುವ ಚೂರು ಮುಂಚೆ ಒತ್ತಬೇಕು. ರೀಲು ಮುಂದಕ್ಕೆ ತಿರುಗಿಸುವಷ್ಟರಲ್ಲಿ ಎಂಜಿನ್ ದಾಟಿರುತ್ತಿತ್ತು, ಆದ್ದರಿಂದ ಒಂದು ರೈಲಿಗೆ ಒಂದೇ ಫೋಟೊ ಎಂದುಕೊಂಡೇ ನಿಲ್ಲುತ್ತಿದ್ದರು. ರೋಲಿಫ್ಲೆಕ್ಸ್‌ನಂಥ ಎರಡು ಲೆನ್ಸಿನ ಕ್ಯಾಮೆರಾದ ಗಾಜಿನಲ್ಲಿ ಎಡಬಲ ಅದಲುಬದಲಾಗಿ, ಎಡದಿಂದ ಬರುವ ರೈಲು ಬಲದಿಂದ ಬಂದಂತೆ ಕಂಡು ಕೈ ತಡವರಿಸುತ್ತದೆ. ಅನುಭವಿಗಳು ಮೇಲಿನ ಮುಚ್ಚಳ ಮಡಚಿ, ಅದರ ಚೌಕಟ್ಟಿನ ಮೂಲಕ ನೇರವಾಗಿ ನೋಡುತ್ತಿದ್ದರು. ಗಾಲಿಗಳನ್ನು ಒಂದಕ್ಕೊಂದು ಜೋಡಿಸುವ ರಾಡು ಗಾಲಿಯ ಕೆಳಭಾಗಕ್ಕೆ ಇಳಿದ ಗಳಿಗೆ ಸಿಕ್ಕಿದರೆ ಚಿತ್ರದ ಕಳೆಯೇ ಬೇರೆ. ಅದೊಂದು ಮಾತ್ರ ಲೆಕ್ಕಕ್ಕೆ ಸಿಗುವುದಲ್ಲ.

ಕೊನೆಯ ವರ್ಷಗಳಲ್ಲಿ ಎಂಜಿನ್ ಒರೆಸುವವರೇ ಇರಲಿಲ್ಲ. ಹೆಸರಿನ ಫಲಕಗಳನ್ನು ಕಳಚಿಟ್ಟಿದ್ದರು, ನಂಬರ್ ಎಷ್ಟೋ ಕಡೆ ಬಣ್ಣದಲ್ಲಿ ಬರೆದದ್ದು. ಫೋಟೊ ಹುಚ್ಚಿನ ಹುಡುಗರು ರಾತ್ರಿ ಶೆಡ್ಡಿಗೆ ಹೋಗಿ ಸೀಮೆಎಣ್ಣೆ, ಹಳೆ ಬಟ್ಟೆ ಹಿಡಿದು ತಾವೇ ಉಜ್ಜುತ್ತಿದ್ದರು. ಆ ಪ್ರೀತಿಗೆ ಮಾರುಹೋಗದೆ ಇರುವುದು ಸಾಧ್ಯವಿಲ್ಲ.

ಶಾಪ್‌ನಲ್ಲಿ ಉಗಿ 1967ರ ಕೊನೆಗೇ ನಿಂತಿತು. 1968ರ ಆಗಸ್ಟ್‌ಗೆ ಉಳಿದದ್ದು ಲ್ಯಾಂಕಷೈರ್‌ನ ಮೂರೇ ಶೆಡ್: ಕಾರ್ನ್‌ಫೋರ್ತ್, ಲಾಸ್ಟಾಕ್ ಹಾಲ್, ರೋಸ್ ಗ್ರೋವ್. ಶೆಡ್ಡಿನ ಒಳಗೆ ಟ್ರೈಪಾಡ್, ಕ್ಯಾಮೆರಾ ಅಲುಗದಂತೆ ಶಟರ್ ಒತ್ತುವ ಕೇಬಲ್ ರಿಲೀಸ್ ಇಲ್ಲದೆ ಆಗುತ್ತಿರಲಿಲ್ಲ. ಮೀಟರ್ ನಾಲ್ಕು ಸೆಕೆಂಡ್ ತೋರಿಸಿದರೆ ಎಂಟು ಹತ್ತು ಕೊಡಬೇಕು, ಮಂದ ಬೆಳಕಿನಲ್ಲಿ ಫಿಲ್ಮ್ ಜಡವಾಗುತ್ತದೆ. ನೆಲದಲ್ಲಿ ಎಣ್ಣೆ, ಹಳಿಗಳ ನಡುವೆ ಬೂದಿಗುಂಡಿ. ಹಿಂದೆ ನೋಡದೆ ಒಂದು ಹೆಜ್ಜೆ ಇಟ್ಟರೂ ಅಪಾಯ.

ಇಲ್ಲಿನ ಸಂತೆಗಳಲ್ಲಿ ಹಳೆ ಸ್ಲೈಡುಗಳ ಡಬ್ಬಿ ಕೊಳ್ಳುವವರಿಗೆ ಒಂದು ಮಾತು. ಕತ್ತಲಲ್ಲಿ ಇಟ್ಟ ಕೊಡಾಕ್ರೋಮ್ ಬಣ್ಣ ಇಂದಿಗೂ ಗಟ್ಟಿ. ಸ್ಕ್ಯಾನ್ ಮಾಡುವಾಗ ನೀಲಿ ಛಾಯೆ ಬಂದರೆ ದೋಷ ಸ್ಲೈಡಿನದಲ್ಲ, ಸ್ಕ್ಯಾನರಿನ ಹೊಂದಾಣಿಕೆಯದು. ಧೂಳು ಅಳಿಸುವ ಇನ್‌ಫ್ರಾರೆಡ್ ಸೌಲಭ್ಯವನ್ನು ಕಪ್ಪುಬಿಳುಪು ನೆಗೆಟಿವ್‌ಗೆ ಬಳಸಲೇಬೇಡಿ. ಬೆಳ್ಳಿಯನ್ನೇ ಧೂಳೆಂದು ತಿಳಿದು ಚಿತ್ರ ಕೆಡಿಸುತ್ತದೆ. ಸ್ಲೈಡಿನ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಎಂಜಿನ್ ನಂಬರ್, ದಿನ, ಜಾಗ ಬರೆದಿದ್ದರೆ ಆ ರಟ್ಟನ್ನು ಬದಲಿಸಬೇಡಿ.